ಈ ಊರಿಗೆ ಒಂದೇ ಹೋಟೆಲು ಸಾಕು

ಕೋವಿಡ್ ಲಾಕ್‌ಡೌನ್ ಮುಗಿದ ಮರುವರ್ಷ. ನಾನಾಗ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ವಕೀಲನಾಗಿದ್ದೆ. ಶಹಾಬಜಾರದ ನಮ್ಮ ಮನೆಯ ಮುಂದಿನ ಕೋಣೆಯೇ ಕಚೇರಿ. ಕಮಲಾಪುರದಿಂದ ಬಂದಿದ್ದ ನಾಗಮ್ಮ ಕುರ್ಚಿ ತೋರಿಸಿದರೂ ಕೂರದೆ, ನಿಂತೇ ತನ್ನ ಸಂಗತಿ ಹೇಳಿದಳು.

ಕಮಲಾಪುರದ ಹೆದ್ದಾರಿ ಬದಿಯಲ್ಲಿ ಅವಳದೊಂದು ಖಾನಾವಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎದುರಿಗೇ ಚನ್ನಪ್ಪ ಸಾಹುಕಾರನ ದೊಡ್ಡ ಹೋಟೆಲು. ಬಸ್ಸಿನವರು, ಲಾರಿಯವರು ಅಲ್ಲಿಂದೆದ್ದು ಇವಳ ಕಡೆ ಬರತೊಡಗಿದಾಗ ಸಾಹುಕಾರ ಪರಿಚಯದ ಅಧಿಕಾರಿಯೊಬ್ಬನನ್ನು ಹಿಡಿದ. ಆತ ಇವಳ ಲೈಸೆನ್ಸ್ ರದ್ದು ಮಾಡಿ ಬೀಗ ಜಡಿಸಿದ. ಆದೇಶದಲ್ಲಿದ್ದ ಕಾರಣ ಒಂದೇ: ಈ ಭಾಗಕ್ಕೆ ಈಗಿರುವ ಹೋಟೆಲು ಸಾಕು, ಇನ್ನೊಂದರ ಅಗತ್ಯವಿಲ್ಲ. ಅಡುಗೆ ಹೊಲಸು, ಉಂಡವರಿಗೆ ಕಾಯಿಲೆ ಎಂಬ ಮಾತೇ ಇರಲಿಲ್ಲ.

"ಬೀಗ ಹಾಕಾಕ ಬಂದವ್ರು ಪಾತ್ರಿ ಎಲ್ಲಾ ರಸ್ತಾಕ ಒಗದ್ರಿ. ಸಾಹುಕಾರ ಎದುರಿಗಿ ಕುಂತು ನಗಾಕತ್ತಿದ್ದ. 'ಹೊಲ್ದಾಗ ಕಸಾ ತೆಗ್ಯಾಕ ಹೋಗು' ಅಂದ. ಅವನ ನಗೀ ನಾ ಮರ್ಯಂಗಿಲ್ಲ."

ರಿಟ್ ಅರ್ಜಿ ಹಾಕಿದೆ. ಸರ್ಕಾರದ ಆದೇಶ ಮೂಲಭೂತ ಹಕ್ಕನ್ನು ತುಳಿದಾಗ ನೇರವಾಗಿ ಹೈಕೋರ್ಟಿಗೆ ಹೋಗುವ ದಾರಿ ಅದು. ಸಂವಿಧಾನದ 19(1)(ಜಿ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ತನಗೆ ಬೇಕಾದ ವೃತ್ತಿ, ವ್ಯಾಪಾರ ನಡೆಸುವ ಸ್ವಾತಂತ್ರ್ಯ ಕೊಡುತ್ತದೆ. ಜನರ ಆರೋಗ್ಯ, ಸುರಕ್ಷತೆಗಾಗಿ ಸರ್ಕಾರ ಅದಕ್ಕೆ ಮಿತಿ ಹಾಕಬಹುದು. ಎದುರಂಗಡಿಯವನ ಗಿರಾಕಿಗಳನ್ನು ಕಾಯಲು ಹಾಕುವಂತಿಲ್ಲ ಎಂದು ವಾದಿಸಿದೆ. ನ್ಯಾಯಮೂರ್ತಿಗಳು ಸರ್ಕಾರಿ ವಕೀಲರತ್ತ ತಿರುಗಿ, "ಊಟ ಸಾಕು ಅಂತ ಉಣ್ಣುವವರು ಹೇಳಬೇಕೋ, ಅಧಿಕಾರಿ ಹೇಳಬೇಕೋ?" ಎಂದರು. ಆದೇಶ ರದ್ದಾಯಿತು.

ಬೀಗ ತೆಗೆದ ವಾರವೇ ನಾಗಮ್ಮ ಮತ್ತೆ ಬಂದಳು. ಧನ್ಯವಾದ ಹೇಳಲು ಬಂದಿರಬೇಕೆಂದುಕೊಂಡೆ.

"ವಕೀಲ್ ಸಾಬ್ರ, ಈಗ ಅವನ ಹೋಟೆಲ್ ಮುಚ್ಚಸ್ರಿ. ಲೈಸೆನ್ಸ್ ಆಫೀಸಿಗಿ ಬಂದ ಹೊಸಾ ಸಾಹೇಬ ನಮ್ಮ ತವರುಮನಿ ಕಡಿಯವ. ನೀವೊಂದು ಅರ್ಜಿ ಬರದು ಕೊಡ್ರಿ, ಉಳಿದಿದ್ದು ನಾ ನೋಡ್ಕೋತೀನಿ."

"ಅಲ್ಲಿ ಅಡಗಿ ಹೊಲಸದ ಏನವ್ವಾ?"

"ಇಲ್ರೀ, ಸ್ವಚ್ಛನೇ ಅದ. ಆದ್ರ ಅವನ ಪಾತ್ರೀನೂ ರಸ್ತಾಕ ಬೀಳಬೇಕು."

ನನಗೂ ಆಸೆಯಾಯಿತು. ಕೋರ್ಟಿನ ವರಾಂಡದಲ್ಲಿ ಹತ್ತು ಜನರೆದುರು ಸಾಹುಕಾರ ನನ್ನನ್ನು "ರೊಟ್ಟಿ ವಕೀಲ" ಎಂದು ಹೀಯಾಳಿಸಿದ್ದ. ಆದರೂ ಪೆನ್ನು ಎತ್ತಲಿಲ್ಲ. "ನಿನಗ ಮಾಡಿದ್ದು ಅನ್ಯಾಯ ಅಂದ್ರ, ಅವನಿಗಿ ಅದನ್ನೇ ಮಾಡೋದೂ ಅನ್ಯಾಯನೇ" ಎಂದೆ.

"ನಿಮ್ಮ ಪಾತ್ರಿ ರಸ್ತಾಕ ಬಿದ್ದಿದ್ದಿಲ್ಲಲ್ರಿ, ಅದಕ್ಕ ಹಿಂಗ ಮಾತಾಡ್ತೀರಿ." ಹಿಂತಿರುಗಿ ನೋಡದೆ ಹೋದಳು.

ಆಮೇಲೆ ಅವಳು ಯಾವ ಕಚೇರಿಗೂ ಹೋಗಲಿಲ್ಲ. ಸೇಡನ್ನು ಒಲೆಯ ಮೇಲಿಟ್ಟಳು. ಸಾಹುಕಾರ ಬಾಗಿಲು ತೆರೆಯುವ ಮೊದಲೇ ಇವಳಲ್ಲಿ ಬಿಸಿ ಮಂಡಕ್ಕಿ ಸುಸಲಾ ಸಿದ್ಧವಿರುತ್ತಿತ್ತು. ಅವನ ಬೈಗುಳಕ್ಕೆ ಬೇಸತ್ತಿದ್ದ ಮುಖ್ಯ ಅಡುಗೆಯವನಿಗೆ ಹೆಚ್ಚು ಸಂಬಳ ಕೊಟ್ಟು ಕರೆದುಕೊಂಡಳು. ಅವನ ಗಲ್ಲಾದಿಂದ ಸರಿಯಾಗಿ ಕಾಣುವ ಹಾಗೆ ಹೊರಗೆ ಬೆಂಚು ಹಾಕಿಸಿ, ಅವನ ಹಳೆಯ ಗಿರಾಕಿಗಳನ್ನೆಲ್ಲ ಅಲ್ಲೇ ಕೂರಿಸಿದಳು. ದಿನವಿಡೀ ಅವನು ಅದನ್ನೇ ನೋಡಬೇಕಾಗಿತ್ತು.

ಕೊನೆಗೊಂದು ದಿನ ಸಾಹುಕಾರನೇ ನನ್ನ ಕಚೇರಿಗೆ ಬಂದ. "ಆಕಿ ನನ್ನ ಅಡಗಿಯವನ್ನ ಒಯ್ದಾಳ, ಗಿರಾಕಿ ಒಯ್ದಾಳ. ಸರ್ಕಾರ ಅಂಬೋದು ಇದಕ್ಕ ತಡಿ ಹಾಕಬೇಕಿಲ್ಲೇನ್ರಿ?"

"ಯಾರಿಗರ ಜುಲುಮಿ ಮಾಡ್ಯಾಳೇನು?"

"ಇಲ್ಲ."

"ಮೋಸ?"

ತಲೆ ಅಲ್ಲಾಡಿಸಿದ.

"ಹಂಗಾದ್ರ ಕೇಸ್ ಇಲ್ಲ, ಸಾಹುಕಾರ್ರ." ಬೇಕೆಂದೇ ನಿಧಾನವಾಗಿ ಹೇಳಿದೆ. ಆ ಗಳಿಗೆಯ ರುಚಿ ನನ್ನ ನಾಲಿಗೆಯ ಮೇಲೆ ಇವತ್ತಿಗೂ ಇದೆ.

ಹೋಟೆಲು ಮುಚ್ಚಿತು. ಸಾಮಾನು ಮಾರಾಟಕ್ಕಿಟ್ಟಾಗ ಪಾತ್ರೆಗಳನ್ನೆಲ್ಲ ನಾಗಮ್ಮನೇ ಕೊಂಡಳು. ಒಯ್ಯುವ ಮೊದಲು ಅವನ್ನು ರಸ್ತೆಯ ಮೇಲೆ ಸಾಲಾಗಿ ಇಡಿಸಿ, ಸಾಹುಕಾರ ಬಾಗಿಲಲ್ಲಿ ನಿಂತಿರುವಾಗಲೇ, ಒಂದೊಂದನ್ನೂ ಬೆರಳಿನಿಂದ ಬಡಿದು ನೋಡಿದಳಂತೆ.

ತೀರ್ಪು ಬಂದರೆ ಸಿಟ್ಟು ಇಳಿಯುತ್ತದೆ ಎಂದು ಕಿರಿಯ ವಕೀಲರಿಗೆ ಹೇಳುವ ಅಭ್ಯಾಸ ನನಗಿತ್ತು. ಈ ಪ್ರಕರಣದ ನಂತರ ಬಿಟ್ಟೆ. ಸೇಡು ಮನುಷ್ಯರ ಸ್ವಂತದ್ದು, ಯಾವ ಕೋರ್ಟೂ ಅದನ್ನು ಕಿತ್ತುಕೊಳ್ಳಲಾರದು. ನಾಗಮ್ಮ ತನ್ನದನ್ನು ದುಡಿದು ತೀರಿಸಿಕೊಂಡಳು. ಸರ್ಕಾರದ ಬೀಗವನ್ನು ಮಾತ್ರ, ಆ ಸಿಟ್ಟು ಎಷ್ಟೇ ನ್ಯಾಯವಾದದ್ದಾಗಿರಲಿ, ಯಾರ ಕೈಗೂ ಕಡ ಕೊಡಬಾರದು.