ಬರೋಡಾ, ಧಾರವಾಡ ಮತ್ತು ತ್ರಿಶಲಾ

ಕಳೆದ ಮಂಗಳವಾರ ಬೆಳಿಗ್ಗೆ ತ್ರಿಶಲಾ ಮೂಡಬಿದಿರೆಯ ತನ್ನ ತಂದೆಯ ಮನೆಯಲ್ಲಿ ತೀರಿಕೊಂಡಳು. ಮೂವತ್ತೊಂದು ವರ್ಷ. ಹೃದಯದ ಕಾಯಿಲೆ.

ನಾವಿಬ್ಬರೂ ಬಂಟ್ವಾಳದ ಒಂದು ಪ್ರಾಥಮಿಕ ಶಾಲೆಗೆ ಒಂದೇ ದಿನ ಅಧ್ಯಾಪಕಿಯರಾಗಿ ಸೇರಿದವರು. ಆ ವರ್ಷವೇ ನಾನೊಂದು ತಪ್ಪು ಮಾಡಿದೆ. ಒಂದನೇ ತರಗತಿಯ ಪೂವಮ್ಮ ಎಂಬ ಹುಡುಗಿಯನ್ನು "ಸ್ಲೇಟು ಎಲ್ಲಿ?" ಎಂದು ಕೇಳಿದೆ. ಅವಳು ಆಗಲಿ ಎಂಬಂತೆ ತಲೆಯಾಡಿಸಿ ಸುಮ್ಮನೆ ಕುಳಿತಳು. ನೋಡಿದರೆ ಸ್ಲೇಟು ಚೀಲದಲ್ಲೇ ಇತ್ತು. ಹಟಮಾರಿ ಎಂದು ಕೈಗೆ ಎರಡು ಹೊಡೆದೆ. ಮರುದಿನ ಅವಳು ಸ್ಲೇಟನ್ನು ಎದೆಗೆ ಹಿಡಿದುಕೊಂಡು, ನಾನು ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ತ್ರಿಶಲಾಳಿಗೆ ಕೂಡಲೇ ಹೊಳೆಯಿತು. "ತುಳುವಿನಲ್ಲಿ ಎಲ್ಲೆ ಅಂದ್ರೆ ನಾಳೆ ಅಲ್ವಾ ಮಾರಾಯ್ತಿ? ನಾಳೆ ತೋರಿಸು ಅಂತ ನೀನು ಹೇಳಿದ್ದು ಅಂತ ಅವಳು ಗ್ರಹಿಸಿದ್ದಾಳೆ. ಹೇಳಿದ ಹಾಗೆ ಕೇಳಿದ್ದಕ್ಕೆ ಪೆಟ್ಟು ತಿಂದಳು."

ನನ್ನ ಮನೆಮಾತೂ ತುಳುವೇ. ನನಗದು ತಿಳಿಯಲಿಲ್ಲ.

ಪೂವಮ್ಮ ಜಡಿಮಳೆಯ ಆಟಿ ತಿಂಗಳ ಮೊದಲೇ ಶಾಲೆ ಬಿಟ್ಟಳು. ತ್ರಿಶಲಾ ಅಂಥ ಮಕ್ಕಳ ಲೆಕ್ಕ ಇಡತೊಡಗಿದಳು. ಮೈಸೂರಿಗೆ ಹೋಗಿ ಎಂ.ಎಡ್. ಮುಗಿಸಿ ಬಂದು, ಬೆಳ್ತಂಗಡಿ ಹತ್ತಿರದ ಲಾಯಿಲದ ಶಾಲೆಯಲ್ಲಿ ಒಂದನೇ ತರಗತಿಯನ್ನೇ ಕೇಳಿ ತೆಗೆದುಕೊಂಡಳು. ತುಳು ಮಾತಾಡುವ ಮಗು ಕನ್ನಡ ಶಾಲೆಯ ಮೊದಲ ವರ್ಷದಲ್ಲಿ ಏನೇನು ಕೇಳಿಸಿಕೊಳ್ಳುತ್ತದೆ, ಯಾಕೆ ಬಿಟ್ಟು ಹೋಗುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡಬೇಕೆಂದಿದ್ದಳು.

ಈ ವರ್ಷ, ಅರುವತ್ತೈದರ ಮಾರ್ಚಿನಲ್ಲಿ, ಎರಡು ಕಡೆಯಿಂದ ಒಪ್ಪಿಗೆ ಬಂತು. ಬರೋಡಾದಲ್ಲಿ ಶಿಷ್ಯವೇತನವಿತ್ತು, ಹಾಸ್ಟೆಲ್ ಇತ್ತು. ಆದರೆ ವಿಷಯ ಅಲ್ಲಿನ ಮಾರ್ಗದರ್ಶಕರದು, ಬುದ್ಧಿಪರೀಕ್ಷೆಗಳ ಬಗ್ಗೆ. ಧಾರವಾಡದಲ್ಲಿ ವೇತನವಿಲ್ಲ, ಅವಳ ವಿಷಯಕ್ಕೆ ಒಪ್ಪಿಗೆಯಿತ್ತು. ಲಾಯಿಲದಲ್ಲಿದ್ದುಕೊಂಡೇ ಕೆಲಸ ಶುರುಮಾಡಬಹುದಿತ್ತು.

ತಂದೆ ವೀರರಾಜರು ಬರೋಡಾವನ್ನೇ ಹಿಡಿದರು. "ಅಲ್ಲಿ ನಮ್ಮ ಜೈನರೇ ಇರುವುದು ಮಗಾ. ಹೊತ್ತು ಮುಳುಗುವ ಮೊದಲು ಊಟ ಸಿಗ್ತದೆ."

"ಧಾರವಾಡದಲ್ಲಿ ಜೈನರಿಗೆ ಬರವಾ ಅಪ್ಪ? ಮತ್ತೆ, ನಾನು ಹೋಗುವುದು ಊಟಕ್ಕಾ?"

ನಾನೂ ಬರೋಡಾ ಎಂದೆ. "ದೊಡ್ಡ ಹೆಸರು ಉಂಟು. ನಿನ್ನ ತುಳು ಮಕ್ಕಳು ಎಲ್ಲಿಗೂ ಓಡುವುದಿಲ್ಲ. ಡಾಕ್ಟರ್ ಆಗಿ ಬಾ, ಆಮೇಲೆ ಮಾಡುವ."

ಅವಳು ನನ್ನ ಮಾತು ಕೇಳಿದಳು. ಬರೋಡಾಕ್ಕೆ ಬರುತ್ತೇನೆ ಎಂದೂ, ಧಾರವಾಡಕ್ಕೆ ಕ್ಷಮಿಸಿ ಎಂದೂ ಬರೆದಳು. ಎರಡೂ ಪತ್ರಗಳನ್ನು ಅಂಚೆಗೆ ಹಾಕಿದವಳು ನಾನೇ.

ಮೇ ತಿಂಗಳಲ್ಲಿ ವೇಣೂರಿನ ಬಸ್ಸಿನಲ್ಲಿ ಕುಸಿದಳು. ಸಣ್ಣವಳಿದ್ದಾಗ ಬಂದಿದ್ದ ಸಂಧಿಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಜಾಗ್ರತೆಯಲ್ಲಿದ್ದರೆ ಎರಡು ವರ್ಷ ಎಂದರು ಮಂಗಳೂರಿನ ಡಾಕ್ಟರು. ತಂದೆಗೆ ಅವಳು ಅದನ್ನು ಹೇಳಲಿಲ್ಲ. ನನಗೆ ಹೇಳಿದಳು.

"ಎರಡು ವರ್ಷದಲ್ಲಿ ಒಂದೇ ಕೆಲಸ ಆಗ್ತದೆ," ಎಂದಳು. "ಬರೋಡಾದವರದ್ದಾದ್ರೂ ಆಗಬೇಕು, ನನ್ನದಾದ್ರೂ ಆಗಬೇಕು."

ಬರೋಡಾವನ್ನು ಬಿಟ್ಟಳು. ಮತ್ತೊಮ್ಮೆ ತೆಗೆದುಕೊಳ್ಳುತ್ತೀರಾ ಎಂದು ಧಾರವಾಡಕ್ಕೆ ಬರೆದಳು. ಹೊಸದಾಗಿ ಅರ್ಜಿ ಹಾಕಿ ಎಂದು ಅವರ ಉತ್ತರ ಬರುವಾಗ ಸೆಪ್ಟೆಂಬರ್. ಅಷ್ಟರಲ್ಲಿ ಅವಳಿಗೆ ಎರಡು ದಿಂಬು ಒರಗಿಕೊಳ್ಳದೆ ಉಸಿರು ಬರುತ್ತಿರಲಿಲ್ಲ. ಡಾಕ್ಟರು ಹೇಳಿದ ಎರಡು ವರ್ಷ, ನಾಲ್ಕೇ ತಿಂಗಳಲ್ಲಿ ಮುಗಿಯುತ್ತಿದೆ ಎಂದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಮಾರ್ಚಿನಲ್ಲೇ ಧಾರವಾಡ ಎಂದಿದ್ದರೆ ಒಂದು ಮಳೆಗಾಲದಲ್ಲಿ ಬರೆದುಕೊಂಡ ಮಕ್ಕಳ ಮಾತಾದರೂ ಅವಳ ಕೈಯಲ್ಲಿರುತ್ತಿತ್ತು. ಅದನ್ನು ಅವಳು ಒಮ್ಮೆಯೂ ಆಡಿ ತೋರಿಸಲಿಲ್ಲ.

ಅವಳು ತೀರಿಕೊಂಡ ಹಿಂದಿನ ದಿನ, ಸೋಮವಾರ ಸಂಜೆ, ಹಾಸಿಗೆಯ ಪಕ್ಕ ಕುಳಿತು ನಾನು ಅರ್ಜಿ ತುಂಬಿದೆ. ಸಂಶೋಧನೆಯ ವಿಷಯವನ್ನು ಅವಳೇ ಬರೆದಳು. ಸಹಿ ಹಾಕುವಾಗ ಅಕ್ಷರ ಗೆರೆ ದಾಟಿತು.

"ಇರಲಿ, ಸಾಕು," ಎಂದು ಪೆನ್ನು ತೆಗೆದುಕೊಂಡೆ.

"ಸರ್ಟಿಫಿಕೇಟಿನ ಸಹಿಗೆ ಇದು ತಾಳೆ ಆಗುವುದಿಲ್ಲ. ವಾಪಸ್ ಕಳಿಸ್ತಾರೆ. ಪೆನ್ನು ಕೊಡು."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡಳು. ಮೊದಲಿನದನ್ನು ಹೊಡೆದು ಹಾಕಿ, ಕೆಳಗೆ ಇನ್ನೊಮ್ಮೆ ನಿಧಾನವಾಗಿ ಸಹಿ ಮಾಡಿ, ತಾರೀಕು ಬರೆದಳು.