ಕ್ಯಾಂಡಿಯ ಹನ್ನೊಂದು ಉತ್ತರಪತ್ರಿಕೆಗಳು

ಸ್ಕಾಟ್ಲೆಂಡಿನ ಉತ್ತರ ಕರಾವಳಿಯ ನಮ್ಮ ಪುಟ್ಟ ವಿಶ್ವವಿದ್ಯಾಲಯದಲ್ಲಿ ಇಶ್ಬೆಲ್ ರೆನ್ನಿ ಇಪ್ಪತ್ತೆರಡು ವರ್ಷ ಪರೀಕ್ಷಾ ವಿಭಾಗದ ಗುಮಾಸ್ತೆಯಾಗಿದ್ದರು. ಅವರ ಪಕ್ಕದ ಮೇಜು ನನ್ನದು. ಅಂಕ ಕೊಡುವುದು ಅವರ ಕೆಲಸವಲ್ಲ. ಬೇರೆಯವರು ಕೊಟ್ಟ ಅಂಕಗಳನ್ನು ಕೂಡಿ, ಸರಿಯಿದೆಯೇ ನೋಡಿ, ರುಜು ಹಾಕುವುದಷ್ಟೇ.

ಆ ವರ್ಷ ಶ್ರೀಲಂಕಾದ ಕ್ಯಾಂಡಿಯ ಒಂದು ಕಾಲೇಜು ನಮ್ಮೊಡನೆ ಸೇರಿತ್ತು. ಅಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ನಮ್ಮವರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ. ಫಲಿತಾಂಶದ ಸಭೆಯ ದಿನ ಬೆಳಿಗ್ಗೆ ಅಂಕ ಕೂಡುತ್ತಿದ್ದ ಇಶ್ಬೆಲ್ ತಟ್ಟನೆ ನಿಲ್ಲಿಸಿದರು. ಕ್ಯಾಂಡಿಯ ಹನ್ನೊಂದು ಮಂದಿ ಫೇಲಾಗಿದ್ದರು. ಹನ್ನೊಂದು ಮಂದಿಗೂ ನಾಲ್ಕನೇ ಪ್ರಶ್ನೆಗೆ ಸೊನ್ನೆ. ನಿಮ್ಮ ಊರಿನಲ್ಲಿ ನೀರಿನ ಕೊಳವೆಯನ್ನು ಎಷ್ಟು ಆಳಕ್ಕೆ ಹೂಳಬೇಕು, ಏಕೆ ಎಂಬ ಪ್ರಶ್ನೆ ಅದು. ಚಳಿಗೆ ನೆಲ ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆಂದು ನಮ್ಮವರು ಬರೆದಿದ್ದರು. ಕ್ಯಾಂಡಿಯವರು ಬರೆದದ್ದು ಲಾರಿಗಳ ಭಾರ, ಮಳೆಗೆ ಜಾರುವ ಗುಡ್ಡದ ಮಣ್ಣಿನ ವಿಚಾರ.

ಸಭೆಗೆ ಇನ್ನು ಇಪ್ಪತ್ತು ನಿಮಿಷ. ಇದು ನಮಗೆ ಸೇರಿದ್ದಲ್ಲ, ರುಜು ಹಾಕಿಬಿಡಿ ಎಂದು ನಾನೇ ಹೇಳಿದೆ. ಅವರು ಹನ್ನೊಂದೂ ಪತ್ರಿಕೆಗಳನ್ನು ಎದೆಗವಚಿಕೊಂಡು ಸಭೆಗೆ ಹೊರಟರು; ನಾನೂ ಹಿಂದೆ ಹೋದೆ.

ಸಭೆಯಲ್ಲಿ ಗುಮಾಸ್ತರು ಬಾಯಿ ಬಿಡುವ ರೂಢಿಯಿಲ್ಲ. ಅಧ್ಯಕ್ಷೆ ಪ್ರೊಫೆಸರ್ ಫರ್ಕರ್ ಎಲ್ಲರ ಒಪ್ಪಿಗೆ ಕೇಳಿದಾಗ ಇಶ್ಬೆಲ್ ಎದ್ದು ನಿಂತು, ತಾನು ರುಜು ಹಾಕಿಲ್ಲ ಎಂದರು. ಅಂಕ ಕೊಟ್ಟಿದ್ದ ಡಾಕ್ಟರ್ ಲಾಕ್ಲನ್ ಮಂಕರ್ ಕುರ್ಚಿ ಹಿಂದಕ್ಕೆ ಸರಿಸಿದರು.

"ನೀವು ಯಾವಾಗ ಇಂಜಿನಿಯರ್ ಆದ್ರಿ, ಮಿಸೆಸ್ ರೆನ್ನಿ?"

"ಆಗಿಲ್ಲ, ಡಾಕ್ಟರ್. ಕ್ಯಾಂಡಿಯಲ್ಲಿ ನೆಲ ಹೆಪ್ಪುಗಟ್ಟುತ್ತಾ? ಅಷ್ಟು ಹೇಳಿಬಿಡಿ, ಈಗಲೇ ರುಜು ಹಾಕ್ತೀನಿ."

ಎಲ್ಲರನ್ನೂ ಒಂದೇ ಮಾದರಿ ಉತ್ತರದಿಂದ ಅಳೆದಿದ್ದೇನೆ, ಅದೇ ನ್ಯಾಯ ಎಂದು ಮಂಕರ್ ವಾದಿಸಿದರು. ಆ ಮಾದರಿ ಉತ್ತರ ಬರೆದವರೂ ಅವರೇ; ಅದರಲ್ಲಿದ್ದದ್ದು ಚಳಿಯ ಕಾರಣ ಒಂದೇ. ಫರ್ಕರ್ ಒಂದು ಪತ್ರಿಕೆ ಎಳೆದುಕೊಂಡು ನಾಲ್ಕನೇ ಉತ್ತರವನ್ನು ಎರಡು ಸಲ ಓದಿದರು. ಆಮೇಲೆ ಅದನ್ನು ಮಂಕರ್ ಮುಂದಿಟ್ಟರು.

"ಇದು ತಪ್ಪು ಅಂತ ಹೇಳೋಕಾಗುತ್ತಾ, ಲಾಕ್ಲನ್?"

ಮಂಕರ್ ಬಹಳ ಹೊತ್ತು ಓದಿದರು. ಕೊನೆಗೆ, "ಇಲ್ಲ," ಎಂದರು.

ಫಲಿತಾಂಶ ತಡೆಹಿಡಿದರು. ನಮ್ಮ ಕಡೆಯವರೊಬ್ಬರು, ಕ್ಯಾಂಡಿಯವರೊಬ್ಬರು ಬೇರೆಬೇರೆಯಾಗಿ ಮತ್ತೆ ತಿದ್ದಿದಾಗ ಎಂಟು ಮಂದಿ ತೇರ್ಗಡೆಯಾದರು. ಉಳಿದ ಮೂವರ ಲೆಕ್ಕಗಳೇ ತಪ್ಪಿದ್ದವು. ಆ ಮೂವರು ಫೇಲಾದ ಪಟ್ಟಿಗೂ ಇಶ್ಬೆಲ್ ರುಜು ಹಾಕಿದರು. ಆ ಮೂವರ ಸಂಕಟದಲ್ಲಿ ಅಂದು ಮಧ್ಯಾಹ್ನ ಊಟಕ್ಕೆ ಮಾತ್ರ ಬರಲಿಲ್ಲ.

ಮಂಕರ್ ವರ್ಷವಿಡೀ ಅವರನ್ನು ಮಾತಾಡಿಸಲಿಲ್ಲ. ಆದರೆ ಮುಂದಿನ ಪ್ರಶ್ನೆಪತ್ರಿಕೆಯ ಕರಡನ್ನು ಅಚ್ಚಿಗೆ ಕೊಡುವ ಮೊದಲು ಕ್ಯಾಂಡಿಯವರಿಗೆ ಓದಲು ಕಳಿಸಿದರು.