ನಾಲ್ಕನೇ ನಂಬರಿನ ಕರಿಬಸಯ್ಯ

ಉಟ್ಕೂರಿನ ಕರಿಬಸಯ್ಯ ವರ್ಷದಲ್ಲಿ ಹತ್ತು ತಿಂಗಳು ಆಟೋ ಓಡಿಸುತ್ತಾನೆ, ಎರಡು ತಿಂಗಳು ಸೈನ್ಯದ ಮೀಸಲು ಪಡೆಯಲ್ಲಿ ದುಡಿಯುತ್ತಾನೆ. ಅಲ್ಲಿ ಅವನ ಕೈಯಲ್ಲಿ ಬಂದೂಕಿಗಿಂತ ಮೈಕು ಇರುವುದೇ ಹೆಚ್ಚು. ಗಡಿಯ ಹಳ್ಳಿಗಳಲ್ಲಿ ಸುಳ್ಳು ಸುದ್ದಿ ಹಬ್ಬಿದಾಗ ಹೋಗಿ ಜನರ ಮನಸ್ಸು ತಿಳಿಗೊಳಿಸುವುದು ಅವನ ತುಕಡಿಯ ಕೆಲಸ. ಮಾತಿನ ಮಲ್ಲ ಅಂದರೆ ಮಲ್ಲನೇ, ಸುಳ್ಳೇಕೆ ಹೇಳಲಿ.

ಈ ಸಲ ಪಡೆಯ ಕರೆ ಬರುವಷ್ಟರಲ್ಲಿ ಮಕ್ತಲ್ ಆಟೋ ಸ್ಟ್ಯಾಂಡಿನವರು ಹೊಸ ಕಟ್ಟಳೆ ಮಾಡಿಬಿಟ್ಟಿದ್ದರು: ಹದಿನೈದು ದಿನ ಬಾರದವನ ಸಾಲಿನ ನಂಬರ್ ಹೋಯಿತು. ಎಂಟು ವರ್ಷ ಕಾದು ಪಡೆದ ನಾಲ್ಕನೇ ನಂಬರ್ ಅವನದು. ಪಡೆಗೆ ಹೋದರೆ ಅದು ಕೈತಪ್ಪುತ್ತದೆ, ಹೋಗದಿದ್ದರೆ ಪಡೆಯಿಂದ ಹೆಸರು ಕಿತ್ತುಹಾಕುತ್ತಾರೆ. ಅವನಿಗೆ ಅನ್ನ ಸೇರದಂತಾಯಿತು.

ಕಲಿತ ವಿದ್ಯೆ ಇರುವಾಗ ಹೆದರುವುದೇಕೆ? ಆಟೋಗೆ ಮೈಕು ಕಟ್ಟಿ, ಕರಪತ್ರ ಹಂಚಿ, ಸ್ಟ್ಯಾಂಡಿನ ಎದುರು ದೇಶಸೇವೆಯ ಭಾಷಣ ಬಿಗಿದ. ಮೈಕಿನ ಆಟೋ ಎಂದರೆ ನಮ್ಮ ಕಡೆ ಚುನಾವಣೆಯೇ ತಾನೆ.

"ಸರಪಂಚ್ ಎಲೆಕ್ಷನ್‌ಗೆ ನಿಂತೀಯೇನೋ ಕರಿಬಸ್ಯಾ? ಗುರ್ತು ಯಾವ್ದು? ಬಿರಿಯಾನಿ ಎಲ್ಲೈತಿ?" ಎಂದ ಸ್ಟ್ಯಾಂಡಿನ ಹಿರಿಯ ಶೇಖರ್.

ಮನೆಯಲ್ಲಿ ಹೆಂಡತಿ ಗುರಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ರೊಟ್ಟಿ ಬಡಿಯುತ್ತಲೇ ಕೇಳಿದಳು: "ನೀವ ಮಾತಾಡಿ ಬಂದ್ರಿ. ಅವ್ರು ಈ ಕಟ್ಟಳಿ ಯಾಕ ಮಾಡ್ಯಾರ ಅಂತ ಕೇಳೀರೇನ್ರಿ?"

ಕರಿಬಸಯ್ಯನಿಗೆ ಭಾರೀ ನಾಚಿಕೆಯಾಯಿತು. ಮೊದಲು ಕೇಳು, ಆಮೇಲೆ ಹೇಳು ಎಂಬುದೇ ಪಡೆಯಲ್ಲಿ ಕಲಿಸುವ ಮೊದಲ ಪಾಠ. ಕಂಡವರ ಊರಿನಲ್ಲೆಲ್ಲ ಪಾಲಿಸಿದ್ದನ್ನು ಪುಣ್ಯಾತ್ಮ ತನ್ನವರ ಮುಂದೆಯೇ ಮರೆತಿದ್ದ.

ಮರುದಿನ ಮೈಕಿಲ್ಲದೆ ಹೋಗಿ ಶೇಖರನ ಪಕ್ಕ ಚಹಾ ಹಿಡಿದು ಕುಳಿತ, ಕಾರಣ ಕೇಳಿದ.

"ಹೋದ ವರ್ಷ ಒಬ್ಬಾವ ಹೈದರಾಬಾದಿಗೆ ಹೋಗಿ ನಂಬರ್‌ನ ಹೊರಗಿನವ್ಗ ಬಾಡಿಗಿ ಕೊಟ್ಟ. ನಮ್ಮ ಹೊಟ್ಟಿ ಮ್ಯಾಲ ಹೊಡದ. ನೀನೂ ಹಂಗ ಮಾಡಿದ್ರ?" ಎಂದ ಶೇಖರ್.

"ನನ್ನ ಗಾಡಿ ಮನ್ಯಾಗ ನಿಂದರ್ತೈತಿ ಶೇಖರಣ್ಣ. ನನ್ನ ಪಾಳಿ ನೀವೆಲ್ಲ ಹಂಚ್ಕೊಂಡು ಹೊಡೀರಿ. ನಂಬರ್ ಒಂದು ಉಳಿಸ್ರಿ, ಸಾಕು."

"ಇದನ್ನ ನಿನ್ನೆ ಹೇಳಾಕ ಏನಾಗಿತ್ತು ನಿನಗ? ಹೋಗಿ ಬಾ."

ಶಿಬಿರ ಸೇರಿದ ತಿಂಗಳಿಗೆ ಗುರಮ್ಮ ಮಕ್ತಲ್ ಸ್ಟ್ಯಾಂಡಿನ ಫೋಟೋ ಕಳಿಸಿದಳು. ಸಾಲಿನಲ್ಲಿ ಮೂರು ಆಟೋ, ಆಮೇಲೆ ಒಂದು ಗಾಡಿ ಹಿಡಿಯುವಷ್ಟು ಖಾಲಿ ಜಾಗ, ಅದರ ಹಿಂದೆ ಐದನೇ ನಂಬರಿನವನ ಆಟೋ. ಎಷ್ಟೋ ಊರಿನವರ ಮನಸ್ಸು ಗೆದ್ದೆನೆಂದು ವರದಿ ಬರೆದವನು ಆ ಖಾಲಿ ಜಾಗವನ್ನು ಜೊತೆಯವರಿಗೆಲ್ಲ ತೋರಿಸುತ್ತ ನಕ್ಕ, ನಗುನಗುತ್ತಲೇ ಅತ್ತುಬಿಟ್ಟ.